ನನ್ನ ಅಂಕಣಕ್ಕೆ ಬೀಗ, ಹಿಲ್ಡಾಳ ಕೈಯಲ್ಲಿ ಕೀಲಿ

ಬಿಟ್ಟಿಯಾಗಿ ಓದುವುದರಲ್ಲಿರುವ ಸುಖ ಕಾಸು ಕೊಟ್ಟು ಓದುವುದರಲ್ಲಿ ಇಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆ. ಕಾಲೇಜು ದಿನಗಳಲ್ಲಿ ಉಡುಪಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರ ಪೇಪರಿಗೆ ಕತ್ತು ಚಾಚಿಯೇ ನಾನು ಲೋಕಜ್ಞಾನ ಸಂಪಾದಿಸಿದ್ದು. ಬ್ಯಾಂಕಿನ ಗುಮಾಸ್ತರೊಬ್ಬರು ಇದ್ದರು. ನಾನು ಓದಿ ಮುಗಿಸುವ ಮೊದಲೇ ಪುಟ ತಿರುಗಿಸುವುದು ಅವರ ಕೆಟ್ಟ ಅಭ್ಯಾಸ. ಒಮ್ಮೆ ತಡೆಯಲಾರದೆ "ಸ್ವಲ್ಪ ನಿಲ್ಲಿ" ಎಂದುಬಿಟ್ಟೆ. ಮರುದಿನದಿಂದ ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿ, ಎದೆಗೆ ಒತ್ತಿಕೊಂಡು ಓದತೊಡಗಿದರು. ಎಂಥ ಜಿಪುಣ ಮನುಷ್ಯ ಎಂದು ನಾನು ಕಾಲೇಜಿಗೆಲ್ಲ ಹೇಳಿಕೊಂಡು ಬಂದೆ.

ಅಂಥ ನಾನು ಈಗ ಮಸ್ಕತ್ತಿನಲ್ಲಿ ಕುಳಿತು ಬರಹಗಾರರ ಹೊಟ್ಟೆಪಾಡಿನ ಬಗ್ಗೆ ಭಾಷಣ ಬಿಗಿಯುತ್ತೇನೆ. ಅದಕ್ಕೆ ಕಾರಣವಿದೆ. ಅಲ್ ಖುವೈರಿನ ಆಫೀಸಿನಲ್ಲಿ ಹಗಲೆಲ್ಲ ಟೆಂಡರ್ ಕಾಗದ ತಿದ್ದುವ ನಾನು ವಾರಕ್ಕೊಮ್ಮೆ ಊರಿನ ಒಂದು ವೆಬ್‌ಸೈಟಿಗೆ ಹಾಸ್ಯದ ಅಂಕಣ ಬರೆಯುತ್ತೇನೆ. ಹೋದ ವರ್ಷ ಅದರ ಸಂಪಾದಕರು ಬರಹಗಳಿಗೆಲ್ಲ ಬೀಗ ಹಾಕಿದರು. ಮೊದಲ ಎರಡು ಸಾಲು ಪುಕ್ಕಟೆ, ಮುಂದಕ್ಕೆ ಚಂದಾ. ಚಂದಾದಾರರು ಎಷ್ಟು ಜನ ಓದುತ್ತಾರೋ ಅದನ್ನು ನೋಡಿ ನಮಗೆ ಸಂಭಾವನೆ. ನನಗೆ ಪರಮಾನಂದವಾಯಿತು. "ಟೈಲರ್ ಬಿಟ್ಟಿ ಹೊಲೀತಾನಾ? ಮತ್ತೆ ನಾವ್ಯಾಕೆ ಬಿಟ್ಟಿ ಬರೀಬೇಕು?" ಎಂದು ದಾರ್ಸೈಟಿನ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದವರನ್ನೆಲ್ಲ ಕೇಳಿದೆ. ಮೀನು ತಿನ್ನುತ್ತಿದ್ದವರು ಹೌದು ಹೌದು ಎಂದರು. ಎರಡು ತಿಂಗಳಾದ ಮೇಲೆ ಸಂಪಾದಕರ ಫೋನ್ ಬಂತು. "ಸರ್, ನಿಮ್ಮ ಅಂಕಣವನ್ನು ಯಾರೂ ತೆರೆದೇ ನೋಡ್ತಾ ಇಲ್ಲ. ಈ ತಿಂಗಳು ನೋಡಿ ನಿಲ್ಲಿಸುವಾ ಅಂತ."

ಅಂಕಣ ಹೋದರೆ ನಾನು ಬರೀ ಟೆಂಡರ್ ಕಾಗದದ ಮನುಷ್ಯ. ಅಂದು ಸಂಜೆ ಫ್ಲ್ಯಾಟಿನ ಕೆಳಗಿರುವ, ನಮ್ಮೂರ ಕಡೆಯವರೇ ಆದ ಹಮೀದಾಕರ ಅಂಗಡಿಗೆ ಈರುಳ್ಳಿಗೆ ಹೋದರೆ, "ಪೊರ್ಬುಗಳೇ, ಈ ವಾರದ್ದು ಭಾರೀ ಲಾಯ್ಕ ಆಗಿದೆ ಮಾರಾಯ್ರೆ" ಎಂದರು. ನಮ್ಮೂರ ಕಡೆ ಕ್ರಿಸ್ತುವರನ್ನು ಕರೆಯುವ ಹಾಗೆಯೇ ಅವರು ಇಲ್ಲೂ ನನ್ನನ್ನು ಪೊರ್ಬುಗಳೇ, ನನ್ನ ಹೆಂಡತಿಯನ್ನು ಬಾಯಮ್ಮ ಎನ್ನುವುದು. "ನೀವು ಚಂದಾದಾರರಾ?" ಎಂದು ಕೇಳಿದೆ. ಅಪ್ಪಿಕೊಳ್ಳುವುದೊಂದು ಬಾಕಿ.

"ಎಂಥದ್ದು ಚಂದಾ? ನಿಮ್ಮ ಬಾಯಮ್ಮ ಓದಿದ್ದು ವಾಟ್ಸ್ಯಾಪಲ್ಲಿ ಬರ್ತದಲ್ಲಾ. ಸಲಾಲಾದಿಂದ ನನ್ನ ತಮ್ಮ ಕಳಿಸ್ತಾನೆ" ಎಂದು ಫೋನ್ ಒತ್ತಿದರು. ಅದರೊಳಗಿಂದ ನನ್ನ ಹೆಂಡತಿ ಹಿಲ್ಡಾ ನನ್ನ ಅಂಕಣವನ್ನು ಓದತೊಡಗಿದಳು. ನಗು ಬರುವ ಕಡೆ ಸರಿಯಾಗಿ ಒಂದು ಗಳಿಗೆ ನಿಲ್ಲಿಸುತ್ತಿದ್ದಳು ಬೇರೆ.

ಮನೆಗೆ ಬಂದು ವಿಚಾರಿಸಿದರೆ ಅವಳಿಗೆ ಅದೊಂದು ವಿಷಯವೇ ಅಲ್ಲ. ಅವಳ ತಾಯಿಗೆ ಕಣ್ಣಿನ ಆಪರೇಶನ್ ಆಗಿ ಓದಲಾಗುವುದಿಲ್ಲ. ಅದಕ್ಕೆ ವಾರವಾರ ನನ್ನ ಕಂಪ್ಯೂಟರ್ ನೋಡಿ ಓದಿ ಕಳಿಸಿದ್ದಾಳೆ. ಅತ್ತೆಯವರು ಹೆಮ್ಮೆಯಿಂದ ತಂಗಿಗೆ, ತಂಗಿ ಇಗರ್ಜಿಯ ಗುಂಪಿಗೆ, ಅಲ್ಲಿಂದ ಇಡೀ ಗಲ್ಫಿಗೆ. "ಅಮ್ಮನ ಹತ್ರ ಚಂದಾ ಕೇಳ್ಬೇಕಿತ್ತಾ?" ಎಂದಳು. ಆದರೆ ಅಂಗಡಿಯಲ್ಲಿ ಕೇಳುವಾಗಲೇ ನನಗೆ ಇನ್ನೊಂದು ನೋವಾಗಿತ್ತು. "ನಾನು ಉಪ್ಪಿನಕಾಯಿ ಬಗ್ಗೆ ಬರೆದ ಪ್ಯಾರಾ ಎಲ್ಲಿ ಹೋಯ್ತು?"

"ಅದು ಬೋರು. ಅಮ್ಮನಿಗೆ ನಿದ್ದೆ ಬರ್ತದೆ. ಪ್ರತಿ ವಾರ ಎರಡೆರಡು ಪ್ಯಾರಾ ತೆಗೀತೇನೆ ನಾನು."

ಅಂಕಣ ಹೇಗೂ ಮುಳುಗುವುದೇ, ನಿಜ ಹೇಳಿಬಿಡೋಣ ಎಂದು ಸಂಪಾದಕರಿಗೆ ಫೋನ್ ಮಾಡಿದೆ. "ಅದು ನಿಮ್ಮ ಮನೆಯವರಾ? ನನ್ನ ಚಿಕ್ಕಮ್ಮನೂ ಕಳಿಸಿದ್ರು. ಯಾರಪ್ಪಾ ಕದ್ದು ಓದೋದು ಅಂತ ಹುಡುಕ್ತಾ ಇದ್ದೆ" ಎಂದರು. ಆಮೇಲೆ ದನಿ ಮೆತ್ತಗಾಯಿತು. "ಅಂಕಣ ನಿಲ್ಲಿಸುವುದು ಬೇಡ ಸರ್. ಇನ್ನು ನಮ್ಮ ಸೈಟಿಗೇ ಅವರು ಓದಿ ಕೊಡಲಿ. ಸ್ವಲ್ಪ ಅವರಿಗೆ ಫೋನ್ ಕೊಡಿ." ಹಿಲ್ಡಾ ನನ್ನ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಅದರಲ್ಲಿ ಬಿಟ್ಟಿ ಹೊಲಿಯದ ಟೈಲರ್ ಕೂಡ ಬಂದ. "ಇವರಿಗೆ ಬರೆದದ್ದಕ್ಕೆ ಎಷ್ಟೋ ಅಷ್ಟೇ ನನಗೆ ಓದಿದ್ದಕ್ಕೆ. ಪ್ಯಾರಾ ತೆಗೆದದ್ದಕ್ಕೆ ಬೇರೆ" ಎಂದಳು. ತೆಗೆದದ್ದಕ್ಕಂತೂ ಸಂಪಾದಕರು ಸಂತೋಷದಿಂದಲೇ ಒಪ್ಪಿದರಂತೆ.

ಈಗ ಅಂಕಣ ಉಳಿದಿದೆ, ಚಂದಾದಾರರೂ ಬಂದಿದ್ದಾರೆ. ಅತ್ತೆಯವರಿಗೂ ಚಂದಾ ಕಟ್ಟಿದ್ದಾಯಿತು, ನನ್ನ ಕಾರ್ಡಿನಿಂದ. ಈ ವಾರ ಯಾವ ಪ್ಯಾರಾ ಹಾರಿಸಿದೆ ಎಂದು ಕೇಳಿದರೆ ಹಿಲ್ಡಾ ಬಾಯಿ ಬಿಡುವುದಿಲ್ಲ. ಸೈಟಿನಲ್ಲಿ ಈಗ ಅವಳ ಧ್ವನಿಗೂ ಬೀಗ. "ನನಗೊಂದು ಫಾರ್ವರ್ಡ್ ಮಾಡು" ಎಂದರೆ, "ಅದು ತಪ್ಪಲ್ವಾ?" ಎಂದು ನನ್ನನ್ನೇ ಕೇಳುತ್ತಾಳೆ. ನನ್ನದೇ ಬರಹಕ್ಕೆ ನಾನೇ ಚಂದಾ ಕಟ್ಟುವುದೇ? ಹಾಗಾಗಿ ಗುರುವಾರ ಸಂಜೆ ಹಮೀದಾಕರ ಅಂಗಡಿಗೆ ಹೋಗಿ, ಗಲ್ಲಾದ ಪಕ್ಕದಲ್ಲೇ ನಿಂತು ಈರುಳ್ಳಿ ಆರಿಸುತ್ತೇನೆ, ಒಂದೊಂದಾಗಿ. ಅವರು ಈಗ ಚಂದಾದಾರರು, ಫೋನನ್ನು ಗಲ್ಲಾದ ಮೇಲಿಟ್ಟು ಕೇಳುತ್ತಾರೆ. ಹೋದ ವಾರ ಯಾರೋ ಗಿರಾಕಿ ಬಂದರೆಂದು ಅರ್ಧದಲ್ಲಿ ಬಂದ್ ಮಾಡಲು ಹೊರಟಾಗ, ಬಾಯಿ ತಪ್ಪಿ "ಸ್ವಲ್ಪ ನಿಲ್ಲಿ" ಎಂದುಬಿಟ್ಟೆ. ಹಮೀದಾಕ ನನ್ನನ್ನು ನೋಡಿದರು, ಈರುಳ್ಳಿಯನ್ನು ನೋಡಿದರು. ಈ ವಾರ ಹೋದರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ತಮ್ಮಷ್ಟಕ್ಕೆ ನಗುತ್ತ ಕುಳಿತಿದ್ದರು. ಎಂಥ ಜಿಪುಣ ಮನುಷ್ಯ ಎಂದು ಇಲ್ಲೇ ಬರೆದಿದ್ದೇನೆ. ಹಿಲ್ಡಾ ಈ ಪ್ಯಾರಾವನ್ನು ಉಳಿಸಿದ್ದಾಳೋ ತೆಗೆದಿದ್ದಾಳೋ, ಚಂದಾ ಕಟ್ಟಿ ಕೇಳಿದವರು ಯಾರಾದರೂ ನನಗೆ ತಿಳಿಸಬೇಕು.