ಮೇಷ್ಟ್ರ ಮನೆಯ ಮಾತಾಡದ ಬ್ಯಾಟರಿ

ಸೋಲಾರ್ ಜೋಡಿಸುವ ನನ್ನ ಕೆಲಸದಲ್ಲಿ ಇಂಥ ಫಜೀತಿ ತಿಂಗಳಿಗೊಂದು ಗ್ಯಾರಂಟಿ. ಬಿಸಿಲು ಯಾವತ್ತೂ ತೊಂದರೆ ಕೊಟ್ಟಿಲ್ಲ ಕಣ್ರೀ, ಕೊಡುವವರೆಲ್ಲ ನೆರಳಲ್ಲಿ ಕೂತವರೇ.

ಬಾಗಲಗುಂಟೆಯಲ್ಲಿ ಒಬ್ಬರು ನಿವೃತ್ತ ಪಿ.ಟಿ. ಮೇಷ್ಟ್ರು. ಅವರು ಚಾವಣಿ ಮೇಲೆ ಸೋಲಾರ್ ಹಾಕಿಸಿದಾಗ ಮತ್ತಿಕೆರೆಯ ಬೀಗರು, ಅಂದರೆ ಮಗಳ ಮಾವ, "ಹಪ್ಪಳ ಒಣಗ್ಸೋ ಜಾಗ ಹಾಳ್ಮಾಡ್ಕೊಂಡ್ರಲ್ಲ!" ಎಂದು ನಕ್ಕರಂತೆ. ಮೇಷ್ಟ್ರಿಗೆ ರೇಗಿತು. "ಆಯುಧಪೂಜೆಗೆ ಬನ್ನಿ. ನಿಮ್ಮೆದುರಿಗೇ ಮೈನ್ ಸ್ವಿಚ್ ಇಳಿಸ್ತೀನಿ. ಸಂಜೆವರೆಗೂ ಬೋರ್ಡಿನ ಕರೆಂಟ್ ಮುಟ್ಟಿದ್ರೆ ಕೇಳಿ!" ಎಂದು ಸವಾಲು ಹಾಕಿಬಿಟ್ಟರು. ಮರ್ಯಾದೆ ಅವರದ್ದು, ಟೆನ್ಷನ್ ನಂದು.

೧. ಎಂಟು ಎಳೆ

ಈ ಹೊಸ ಬ್ಯಾಟರಿಯೊಳಗೆ ಒಂದು ಪುಟ್ಟ ಯಂತ್ರ ಇರುತ್ತೆ. ಎಷ್ಟು ಚಾರ್ಜ್ ಇದೆ, ಎಷ್ಟು ಬಿಸಿಯಾಗಿದೆ ಎಂದು ಅದು ಇನ್ವರ್ಟರ್‌ಗೆ ಹೇಳುತ್ತಲೇ ಇರಬೇಕು. ಹೇಳದಿದ್ದರೆ ಇನ್ವರ್ಟರ್ ಬ್ಯಾಟರಿಯನ್ನು ಮುಟ್ಟುವುದಿಲ್ಲ. ಹೇಳುವುದಕ್ಕೆ ಒಂದು ಸಣ್ಣ ವಯರು.

"ಪಕ್ಕಪಕ್ಕದಲ್ಲೇ ಇದಾವಲ್ರೀ, ಮಾತಾಡೋಕೆ ವಯರ್ ಯಾಕೆ?" ಎಂದರು ಮೇಷ್ಟ್ರು. ಏನೋ ಸಮಜಾಯಿಷಿ ಹೇಳಿ ಹಾಕಿ ಬಂದೆ.

ಮಾರನೇ ದಿನವೇ ಫೋನು, ಬ್ಯಾಟರಿ ಕೆಲಸ ಮಾಡ್ತಿಲ್ಲ ಎಂದು. ಹೋಗಿ ನೋಡಿದರೆ ವಯರು ಅರ್ಧಕ್ಕರ್ಧ ಮೋಟು, ಮಧ್ಯೆ ಕಪ್ಪು ಟೇಪು.

"ತುಂಬಾ ಉದ್ದ ಇತ್ತು, ಕತ್ತರಿಸಿ ಗಂಟು ಹಾಕ್ದೆ" ಎಂದರು. ಟೇಪು ಬಿಚ್ಚಿದೆ. ಒಳಗಿನ ಎಂಟು ತೆಳು ಎಳೆಗಳನ್ನೂ ಸೇರಿಸಿ ಹಗ್ಗದ ಹಾಗೆ ಹೊಸೆದಿದ್ದಾರೆ!

"ಸಾರ್, ಒಂದೊಂದೂ ಬೇರೆಬೇರೆ ಇರ್ಬೇಕು!"

"ಒಂಟೊಂಟಿಯಾಗಿ ಬಿಟ್ರೆ ಬಲ ಎಲ್ಲಿಂದ ಬರುತ್ತೆ? ಹಗ್ಗಜಗ್ಗಾಟ ಆಡಿದೀರೇನ್ರೀ ನೀವು?"

೨. ಇಬ್ಬರು ಪರಿಣತರು

ಹೊಸ ವಯರು ಹಾಕಿದರೂ ಬ್ಯಾಟರಿ ತುಟಿ ಬಿಚ್ಚಲಿಲ್ಲ. ಬ್ಯಾಟರಿ ಕಂಪನಿಗೆ ಫೋನ್ ಮಾಡಿದೆ. "ನಮ್ದು ಮಾತಾಡ್ತಿದೆ ಸಾರ್, ಇನ್ವರ್ಟರ್ ಕೇಳಿಸ್ಕೊಳ್ತಿಲ್ಲ." ಇನ್ವರ್ಟರ್ ಕಂಪನಿಗೆ ಮಾಡಿದೆ. "ನಮ್ದು ಕಿವಿಗೊಟ್ಟು ಕೂತಿದೆ ಸಾರ್, ಬ್ಯಾಟ್ರಿನೇ ಬಾಯಿ ಬಿಡ್ತಿಲ್ಲ."

ತಲೆಕೆಟ್ಟು ಮೇಷ್ಟ್ರ ಫೋನು, ನನ್ನ ಫೋನು ಎರಡನ್ನೂ ಸ್ಪೀಕರಿಗೆ ಹಾಕಿ ಎದುರುಬದುರು ಇಟ್ಟೆ. ಹತ್ತು ನಿಮಿಷ ಜಗಳ. ಆಮೇಲೆ ಒಬ್ಬ, "ನಿಮ್ ಧ್ವನಿ ಎಲ್ಲೋ ಕೇಳ್ದಂಗಿದೆ ಗುರು, ಯಾವ ಏರಿಯಾ?" ಎಂದ. ಇಬ್ಬರೂ ಮತ್ತಿಕೆರೆಯ ಒಂದೇ ಮೆಸ್ಸಿನಲ್ಲಿ ಉಣ್ಣುವವರು! ಸಾರಿಗೆ ನೀರು ಬೆರೆಸುವ ವಿಷಯ ಅರ್ಧ ಗಂಟೆ ನಡೆಯಿತು.

ಅಷ್ಟರಲ್ಲಿ ನಾನೇ ಪ್ಲಗ್ಗಿನ ಎರಡು ಎಳೆ ಅದಲುಬದಲು ಮಾಡಿದೆ. ಬ್ಯಾಟರಿ ಮಾತಾಡಿತು. ಅವರಿಬ್ಬರು ಮಾತ್ರ ಇನ್ನೂ ನಿಲ್ಲಿಸಿರಲಿಲ್ಲ.

೩. ರಜಾ

ಆಯುಧಪೂಜೆ ಮಧ್ಯಾಹ್ನ. ಬೀಗರು ಫ್ಯಾನಿನ ಕೆಳಗೆ ಕಾಲು ಚಾಚಿ ಕೂತಿದ್ದರು. ಮೇಷ್ಟ್ರು ಹಳೇ ಸೀಟಿ ಬಾಯಿಗಿಟ್ಟು ಊದಿದರು. ನಾನು ಮೈನ್ ಸ್ವಿಚ್ ಇಳಿಸಿದೆ.

ಫ್ಯಾನು ನಿಂತಿತು. ಟೀವಿ ಆರಿತು. ಅಡುಗೆಮನೆಯಲ್ಲಿ ಮಿಕ್ಸಿ ಸುಮ್ಮನಾಯಿತು. ಮೇಷ್ಟ್ರ ಮುಖ ನೋಡಲಾಗಲಿಲ್ಲ, ಪಾಪ.

ಓಡಿ ಹೋಗಿ ನೋಡಿದೆ. ಬ್ಯಾಟರಿಗೆ ಕುಂಕುಮ, ಚೆಂಡುಹೂವಿನ ಹಾರ. ಅದರ ಸ್ವಿಚ್ಚೇ ಆಫ್! ಅದಿಲ್ಲದೆ ಎಷ್ಟು ಬಿಸಿಲಿದ್ದರೂ ಈ ಇನ್ವರ್ಟರ್ ಏಳುವುದಿಲ್ಲ.

"ನಾನೇ ಆರಿಸ್ದೆ ಕಣಪ್ಪ" ಎಂದರು ಮೇಷ್ಟ್ರ ತಾಯಿ. "ಪೂಜೆ ಮಾಡಿದ್ಮ್ಯಾಕೆ ಆಯುಧ ಮುಟ್ತಾರಾ? ನಾಳೆ ಗಂಟ ಅದುಕ್ಕೂ ರಜಾ."

"ಅಮ್ಮಾ, ಐದೇ ನಿಮಿಷ!" ಮೇಷ್ಟ್ರು ಗೋಗರೆದರು.

"ನಿಮ್ಮಪ್ಪ ಈ ದಿನ ಹುಲ್ಲು ಕುಯ್ಯೋ ಕುಡ್ಲು ಮುಟ್ಟಿದ್ನೇನೋ?"

ಅಜ್ಜಿಯ ಕಣ್ಣು ನನ್ನ ಸ್ಕ್ರೂಡ್ರೈವರ್ ಮೇಲೆ ಬಿತ್ತು. "ಇದುಕ್ಕೆ ಪೂಜೆ ಆಯ್ತಾ?" ಇಲ್ಲ ಎಂದೆ. ಕಿತ್ತುಕೊಂಡು ಕುಂಕುಮ ಹಚ್ಚಿ ದೇವರ ಮುಂದಿಟ್ಟರು. ಹೋಗಲಿ, ಬೋರ್ಡಿನ ಕರೆಂಟಾದರೂ ಬರಲಿ ಎಂದು ಮೈನ್ ಸ್ವಿಚ್‌ಗೆ ಕೈ ಹಾಕಿದೆ.

"ತಡಿ, ಇದೊಂದು ಬಿಟ್ಟೋಗಿತ್ತು!" ಅಜ್ಜಿ ಅದಕ್ಕೂ ಕುಂಕುಮ ಇಟ್ಟೇಬಿಟ್ಟರು.

ಬೆವರು ಸುರಿಸುತ್ತಾ ಹೋಳಿಗೆ ಉಂಡೆವು. ಸಂಜೆ ಹೊರಟ ಬೀಗರು ಕ್ಯಾಲೆಂಡರಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಮೇಷ್ಟ್ರ ಕೈ ಹಿಡಿದು ಹೇಳಿದರು:

"ಮಾತು ಉಳಿಸ್ಕೊಂಡ್ರಿ ಬಿಡಿ ಮೇಷ್ಟ್ರೇ. ಸಂಜೆವರೆಗೂ ಬೋರ್ಡಿನ ಕರೆಂಟ್ ಮುಟ್ಲಿಲ್ಲ!"