ಗೋಡೆ ನೆಕ್ಕುವ ಖಾಲೂ

ಮೇ ೫, ಸೋಮವಾರ, ಬೆಳಿಗ್ಗೆ ಏಳೂಕಾಲಿಗೆ ಇದನ್ನು ಬರೆಯಲು ಕುಳಿತಿದ್ದೇನೆ.

ನಮ್ಮ ಖಾಲೂ ಗೋಡೆ ನೆಕ್ಕುತ್ತಾರೆ. ಅಲಂಕಾರಕ್ಕೆ ಹೇಳಿದ ಮಾತಲ್ಲ. ಕಣ್ಣು ಮುಚ್ಚಿ, ನಾಲಿಗೆ ಚಾಚಿ, ನೆಕ್ಕಿಯೇ ನೆಕ್ಕುತ್ತಾರೆ! ಖಾಲೂ ಎಂದರೆ ನನ್ನ ಅಮ್ಮನ ಅಕ್ಕನ ಗಂಡ. ಹಾವೇರಿ ಸೀಮೆಯ ಹಳೇ ಕಟ್ಟಡಗಳಿಗೆ ಸುಣ್ಣದ ಗಾರೆ ಹಚ್ಚುವ ಗೌಂಡಿ. ನಾನು ಅವರ ತಂಡದಲ್ಲಿ ಸುಣ್ಣ ಕಲಸುವವಳು, ಜೊತೆಗೆ ದಿನಚರಿ ಬರೆಯುವ ಚಟದವಳು. ಕಳೆದ ವರ್ಷ ಅವರು ನೆಕ್ಕಿದ್ದು ಹದಿನೇಳು ಗೋಡೆ, ನಾಲ್ಕು ಕಂಬ, ಒಂದು ಗುಮ್ಮಟ. ಗುಮ್ಮಟಕ್ಕೆ ಏಣಿ ಹಿಡಿದವಳು ನಾನೇ.

ಕಾರಣವಿದೆ. ಹಳೇ ಗೋಡೆ ನೆಲದ ತೇವ ಹೀರಿ ಸವಳು ಹಿಡಿಯುತ್ತದೆ. ಉಪ್ಪು ಒಳಗಿರುವಾಗಲೇ ಗಾರೆ ಹಚ್ಚಿದರೆ ಮುಂದಿನ ಮಳೆಗಾಲಕ್ಕೆ ಅದು ಹಪ್ಪಳದಂತೆ ಉಬ್ಬಿ ಉದುರುತ್ತದೆ. ಅದಕ್ಕೇ ಗೋಡೆಗೆ ಹಸಿ ಜೇಡಿಮಣ್ಣು ಮೆತ್ತಿ, ಅದು ಉಪ್ಪು ಹೀರಿಕೊಂಡು ಒಣಗಿದ ಮೇಲೆ ಕಿತ್ತು, ಮತ್ತೆ ರುಚಿ ನೋಡಬೇಕು. ಇದಕ್ಕೆ ಯಂತ್ರ ಇಲ್ಲವೇ? ಇದೆಯಂತೆ. "ಯಂತ್ರಕ್ಕ ಬಾಯಿ ಎಲ್ಲೈತಿ?" ಎಂಬುದು ಖಾಲೂ ವಾದ.

ಹಾವೇರಿಯ ಒಂದು ವಾಡೆಯಲ್ಲಿ ಅವರು ಹೀಗೆ ಗೋಡೆಗೆ ಮುಖ ಒತ್ತಿ ನಿಂತಿದ್ದಾಗ ಕಾವಲುಗಾರ ಬಂದ.

"ಯಾಕ್ರಿ ಯಜಮಾನ್ರ, ಮನ್ಯಾಗ ಊಟಕ್ಕ ಹಾಕಂಗಿಲ್ಲೇನ್ರಿ?"

"ಹಾಕ್ತಾಳಪಾ. ಆದ್ರ ನಿಮ್ಮ ಗೋಡಿಗೆ ಉಪ್ಪು ಸರಿ ಬಿದ್ದೈತಿ."

ಈ ಮಾತು ನಮಗಿಂತ ಮೊದಲು ಮನೆ ಮುಟ್ಟಿತು. ಖಾಲಾ, ಅಂದರೆ ನನ್ನ ದೊಡ್ಡಮ್ಮ, ಬಾಗಿಲಲ್ಲೇ ನಿಂತಿದ್ದರು. "ಹಂಗಾರ ಗೋಡಿ ಜೋಡಿನ ನಿಕಾ ಮಾಡ್ಕೋಬೇಕಿತ್ತು. ಅದು ತಿರುಗಿ ಮಾತಾಡೂದಿಲ್ಲ."

ಬ್ಯಾಡಗಿಯ ಹಳೇ ಮೆಣಸಿನಕಾಯಿ ವಖಾರದ ಕತೆ ಬೇರೆ. ತಲೆಮಾರುಗಳ ಘಾಟು ಕುಡಿದ ಗೋಡೆ ಅದು. "ಖಾಲೂ, ಇದೊಂದು ಬ್ಯಾಡ್ರಿ" ಎಂದೆ. "ಎಲ್ಲಿದ್ರೂ ಗೋಡಿ ಗೋಡಿನ" ಎಂದು ಉದ್ದಕ್ಕೆ ಒಂದು ಸಲ ನೆಕ್ಕಿದರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕವೆಲ್ಲ ಹೇಳುತ್ತದೆ. ಲೋಕ ಗೋಡೆ ನೆಕ್ಕಿ ನೋಡಿಲ್ಲ! ಸಂಜೆಯ ತನಕ ಖಾಲೂ ಬಾಯಿಂದ ಒಂದೇ ಒಂದು ಅಪ್ಪಣೆ ಹೊರಡಲಿಲ್ಲ. ಆ ದಿನ ಕೆಲಸ ಬಲು ಬೇಗ ಮುಗಿಯಿತು.

ಇಂಥ ನಾಲಿಗೆ ಮನೆಯ ಅಡುಗೆಯನ್ನು ಬಿಟ್ಟೀತೇ? ದಿನವೂ ಸಂಜೆ ಬುತ್ತಿಯ ಡಬ್ಬಿ ವಾಪಸು ಕೊಡುವಾಗ ಒಂದು ದೂರು. ಪಲ್ಲೆ ಸಪ್ಪೆ, ಸಾರು ಹುಳಿ, ಚಟ್ನಿ ಒರಟು. ಖಾಲಾ ಉತ್ತರ ಕೊಡದೆ ಬಿಟ್ಟದ್ದಿಲ್ಲ. ಆ ಮನೆಯಲ್ಲಿ ಟಿ.ವಿ. ಬೇಕಿಲ್ಲ.

ಕಳೆದ ತಿಂಗಳು ಖಾಲೂಗೆ ಜ್ವರ ಬಂತು. ಎದ್ದು ಕೆಲಸಕ್ಕೆ ಬಂದ ದಿನ ರಾಣೆಬೆನ್ನೂರಿನ ಹಳೇ ಮುಸಾಫಿರಖಾನೆಯ ಗೋಡೆ ನೆಕ್ಕಿ, "ಸವಳು ಹೋಗೈತಿ, ಗಾರಿ ಕಲಸ್ರಿ" ಎಂದರು. ಅದೇ ಗೋಡೆಯ ಬುಡದಲ್ಲಿ ಉಪ್ಪು ಬಿಳಿ ಬೂಜಿನಂತೆ ಅರಳಿತ್ತು. ಬೆರಳಿಗೆ ಹಚ್ಚಿ ನಾಲಿಗೆಗಿಟ್ಟೆ. ಸಾಕ್ಷಾತ್ ಉಪ್ಪಿನಕಾಯಿ!

ಮಧ್ಯಾಹ್ನ ಅವರು ಎಲ್ಲರಿಂದ ದೂರ ಡಬ್ಬಿ ಬಿಚ್ಚಿಕೊಂಡು ಸುಮ್ಮನೆ ಕುಳಿತಿದ್ದರು. ಹತ್ತಿರ ಹೋದೆ.

"ಖಾಲೂ, ನಾಲಿಗಿಗೆ ಏನಾಗೈತಿ?"

"ಜ್ವರ ಹೋಗೂ ಮುಂದ ರುಚಿನೂ ಕಟಗೊಂಡು ಹೋತು, ಬೇಟಿ. ಉಪ್ಪು, ಸುಣ್ಣ, ಬೆಲ್ಲ, ಎಲ್ಲಾ ಒಂದ."

"ಖಾಲಾಗ ಹೇಳೀರೇನು?"

"ಹುಚ್ಚಿ ಅದಿ." ಡಬ್ಬಿಯನ್ನು ನನ್ನ ಕಡೆ ತಳ್ಳಿದರು. "ಇದರಾಗ ಏನ್ ತಪ್ಪೈತಿ, ತಿಂದು ಹೇಳು. ಸಂಜಿಗೆ ಬೈಬೇಕು. ಮದಿವ್ಯಾದಾಗಿಂದ ಬೈಕೋತ ಬಂದೇನಿ. ಒಂದಿನ ಬೈಲಿಲ್ಲ ಅಂದ್ರ ಆಕಿ ಎದಿ ಒಡಕೋತಾಳ."

ಗಾರೆ ಕಲಸುವುದು ನಿಂತಿತು. ಮಳೆಗಾಲ ಎದುರಿಗಿದ್ದರೂ ಗೋಡೆಗೆ ಇನ್ನೊಂದು ಸುತ್ತು ಜೇಡಿಮಣ್ಣು ಮೆತ್ತಿದೆವು. ಅಂದಿನಿಂದ ಬೆಳಿಗ್ಗೆ ಗೋಡೆಗೆ, ಮಧ್ಯಾಹ್ನ ಡಬ್ಬಿಗೆ, ನನ್ನ ನಾಲಿಗೆಯೇ ಗತಿ. ನಾನು ನೆಕ್ಕುವುದನ್ನು ಕಂಡ ಹಾಲಿನವನು ಸೈಕಲ್ ನಿಲ್ಲಿಸಿ, "ಇದು ನಿಮ್ಮ ಮನಿತನದ ರೋಗ ಏನವಾ?" ಎಂದು ಕೇಳಿದ. ಹೌದೆಂದೆ. ಇನ್ನೇನು ಹೇಳಲಿ?

ಮೊನ್ನೆ ಶನಿವಾರ ಬುತ್ತಿಯಲ್ಲಿ ಬದನೆಕಾಯಿ ಎಣಗಾಯಿ. ಬೆರಳು ಚೀಪಿ ಹುಡುಕಿದರೂ ತಪ್ಪು ಸಿಗಲಿಲ್ಲ. ಕೊನೆಗೆ "ಉಪ್ಪು ಕಡಿಮಿ" ಎಂದು ಸುಳ್ಳು ಹೇಳಿದೆ. ಸಂಜೆ ಖಾಲೂ ಓಣಿಗೆಲ್ಲ ಕೇಳುವಂತೆ ಉಪ್ಪಿನ ಮೇಲೆ ಭಾಷಣ ಮಾಡಿದರು. ಖಾಲಾ ಮಾತ್ರ ಈ ಸಲ ತಿರುಗಿ ಮಾತಾಡಲಿಲ್ಲ. ನನ್ನನ್ನು ಕಳಿಸಲು ಗೇಟಿನ ತನಕ ಬಂದರು.

"ತಪ್ಪು ಮಾಡೂದು ಮರತ್ನೆ, ಬೇಟಿ. ದಿನಾ ಒಂದು ಬೇಕಂತ ಬಿಟ್ಟಿರ್ತೇನಿ, ನಿನಗ ಸಿಗಲಿ ಅಂತ. ಇವತ್ತ ಗಡಿಬಿಡಿ ಇತ್ತು."

"ನಿಮಗ ಗೊತ್ತೈತೇನು?"

"ಜ್ವರದಾಗ ಕಹಿ ಕಷಾಯ ಕೊಟ್ಟೆ. ಕುಡದು ಚಲೋ ಐತಿ ಅಂದ್ರು. ನಾ ಮಾಡಿದ್ದನ್ನ ಎಂದಾದ್ರೂ ಚಲೋ ಐತಿ ಅಂದಾರೇನು? ಆವಾಗನ ತಿಳೀತು. ಆದ್ರೂ ದಿನಾ ತಪ್ಪು ಬರೋಬ್ಬರಿ ಹಿಡೀತಿದ್ರು, ಅಂದ್ರ ರುಚಿ ನೋಡಾಕಿ ನೀನ." ಸೆರಗಿನಿಂದ ಮೂಗು ಒರೆಸಿಕೊಂಡರು. "ನನಗ ಗೊತ್ತೈತಿ ಅಂತ ಹೇಳಬ್ಯಾಡ. ಗೋಡಿ ಬಿಟ್ಟು ಮನ್ಯಾಗ ಕುಂತ್ರ ಅವರು ಉಳಿಯಂಗಿಲ್ಲ. ಬೈಕೋತ ಇರ್ಲಿ."

ಜ್ವರದಲ್ಲಿ ರುಚಿ ಕಳೆದುಕೊಂಡು ಮತ್ತೆ ಪಡೆದವರು ಯಾರಾದರೂ ಇದನ್ನು ಓದುತ್ತಿದ್ದರೆ, ಎಷ್ಟು ದಿನಕ್ಕೆ ಬಂತು, ಏನು ತಿಂದಾಗ ಬಂತು, ಮೊದಲು ಬಂದದ್ದು ಯಾವ ರುಚಿ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ. ಅವರಿಬ್ಬರೂ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇಷ್ಟು ಬರೆದಿದ್ದೇನೆ. ಲಕೋಟೆಯ ಮೇಲೆ ನನ್ನ ಹೆಸರೊಂದೇ ಇರಲಿ. ಆ ಮನೆಯಲ್ಲಿ ಇಬ್ಬರಿಗೂ ತಿಳಿಯಬಾರದು.