ತೇಲಿದರೆ ಕಿಟಕಿಯಾಚೆ

ನವೀನ್‌ಕುಮಾರ್ ಮೇಷ್ಟ್ರ ಗ್ರಹಚಾರ ಶುರುವಾದದ್ದು ಒಂದು ನಿಂಬೆಹಣ್ಣಿನಿಂದ. ಪ್ರಯೋಗಕ್ಕೆಂದು ಅವರು ಎತ್ತಿಟ್ಟಿದ್ದ ಹಣ್ಣನ್ನು ಅಡುಗೆಯ ಪೊನ್ನಮ್ಮ ಬೆಳಿಗ್ಗೆಯೇ ಹಿಂಡಿ, ಬರಲಿರುವ ಅಧಿಕಾರಿಗೆ ಶರಬತ್ತು ಮಾಡಿಟ್ಟಿದ್ದಳು.

ಪೊನ್ನಂಪೇಟೆಯ ಹೊರಗಿನ ಒಂದು ತರಬೇತಿ ಕೇಂದ್ರದಲ್ಲಿ, ಹುಟ್ಟಿನಿಂದಲೇ ಕಲಿಕೆ ನಿಧಾನವಾದ ಐದು ಮಂದಿ ದೊಡ್ಡವರಿಗೆ ಮೇಷ್ಟ್ರು ವಿಜ್ಞಾನ ಹೇಳಿಕೊಡುತ್ತಿದ್ದರು. ಕೆಲಸ ವರ್ಷದ ಗುತ್ತಿಗೆಯದು. ಇವರು ಏನಾದರೂ ಕಲಿತಿದ್ದಾರೆಂದು ಇವತ್ತು ತಪಾಸಣೆಗೆ ಬರುವ ಅಧಿಕಾರಿ ಶರ್ಮಿಳಾ ಮೇಡಂಗೆ ಅನ್ನಿಸಿದರೆ ಮುಂದಿನ ವರ್ಷವೂ ಸಂಬಳ. ಇಲ್ಲದಿದ್ದರೆ ತಮ್ಮೂರು ಶನಿವಾರಸಂತೆಯ ಬಸ್ಸು ಹತ್ತಿ ಮನೆಗೆ.

ಮೂರು ತಿಂಗಳಿಂದ ಒಂದೇ ಪಾಠ: ಯಾವುದು ತೇಲುತ್ತದೆ, ಯಾವುದು ಮುಳುಗುತ್ತದೆ, ಏಕೆ. ಆದರೆ ನಲವತ್ತೆರಡು ವರ್ಷದ ಬೆಳ್ಳಿಯಪ್ಪ ತೇಲಿದ್ದನ್ನೆಲ್ಲ ಎತ್ತಿ ಕಿಟಕಿಯಾಚೆ ಎಸೆಯುತ್ತಿದ್ದ. ನೋಡಿ ನೋಡಿ ಉಳಿದ ನಾಲ್ವರೂ ಅದನ್ನೇ ಕಲಿತಿದ್ದರು. ಬೈದರೂ ಅಷ್ಟೇ, ಬೇಡಿಕೊಂಡರೂ ಅಷ್ಟೇ. ಹಾಗಾಗಿ ಮೇಷ್ಟ್ರು ಇವತ್ತು ಕಿಟಕಿಗೆ ಚಿಲಕ ಹಾಕಿ, ಮೇಡಂ ಬಂದರೇನೋ ಎಂದು ಬಾಗಿಲಿಗೂ ಗೇಟಿಗೂ ಓಡಾಡಿದರು.

ಪಕ್ಕದ ಎಸ್ಟೇಟಿನ ಪೂವಯ್ಯನವರಿಗೆ ಸುಮ್ಮನಿರಲಾಗಲಿಲ್ಲ. ಅಧಿಕಾರಿಯ ಮುಂದೆ ಪ್ರಯೋಗಕ್ಕೆ ಬಕೆಟ್ ಇಟ್ಟರೆ ಮರ್ಯಾದೆಯೇ ಎಂದು, ತಾವು ಕಾಫಿ ಹಣ್ಣು ತೊಳೆಯುವ ದೊಡ್ಡ ತೊಟ್ಟಿಯನ್ನೇ ಹೊರಿಸಿ ತಂದರು. ಅದನ್ನು ಕಂಡದ್ದೇ ಬೆಳ್ಳಿಯಪ್ಪ ಅಂಗಿಯ ತೋಳು ಮಡಚಿ ಎದ್ದು ನಿಂತ.

ಮೇಡಂ ಒಂದು ಗಂಟೆ ಮುಂಚೆಯೇ ಬಂದರು. ಸೆಖೆ ಎಂದರು. ಪೊನ್ನಮ್ಮ ಉಪಕಾರ ಮಾಡಲೆಂದು ಕಿಟಕಿ ತೆರೆದಳು.

ಮೇಷ್ಟ್ರು ತೊಟ್ಟಿಯ ನೀರಿಗೆ ಮರದ ತುಂಡು ಹಾಕಿದರು. ಅದು ತೇಲಿತು, ಕಿಟಕಿಯಾಚೆ ಹೋಯಿತು. ಖಾಲಿ ಬಾಟಲಿಯೂ ಹೋಯಿತು. ಏನಾಗುತ್ತಿದೆಯೆಂದು ಮೇಡಂ ಬಗ್ಗಿದಾಗ ಅವರ ಹುಲ್ಲಿನ ಟೋಪಿ ನೀರಿಗೆ ಬಿತ್ತು. ಬೆಳ್ಳಿಯಪ್ಪ ಅದನ್ನೂ ಎತ್ತಿ, ನೀರು ಕೊಡವಿ ಎಸೆದ. ಟೋಪಿ ಪೂವಯ್ಯನವರ ಗೊಬ್ಬರದ ಗುಂಡಿಯಲ್ಲಿ ಕೂತಿತು.

ಮೇಷ್ಟ್ರಿಗೆ ಶನಿವಾರಸಂತೆಯ ಬಸ್ಸಿನ ಹಾರನ್ ಕೇಳಿಸಿದಂತಾಯಿತು.

"ಯಾಕಪ್ಪ ಎಸೆದೆ?" ಎಂದರು ಮೇಡಂ.

"ತೇಲಿದ್ದು ಜಳ್ಳು ಮೇಡಂ. ಒಳಗೆ ಗಟ್ಟಿ ಇಲ್ಲ, ಗಾಳಿ ಉಂಟು. ಅದಕ್ಕೇ ತೇಲುವುದು. ಒಳ್ಳೆ ಹಣ್ಣಿನ ಜೊತೆ ಸೇರಿಸಿದರೆ ಕಾಫಿ ಹಾಳಾಗ್ತದೆ."

ಬೆಳ್ಳಿಯಪ್ಪನ ಅಮ್ಮ ಎಸ್ಟೇಟಿನಲ್ಲಿ ಕಾಫಿ ಹಣ್ಣು ತೊಳೆಯುತ್ತಿದ್ದಳಂತೆ. ತೊಟ್ಟಿಯ ಬದಿಯಲ್ಲೇ ಬೆಳೆದವನು, ಆದರೆ ಇವನಿಂದಾಗದು ಎಂದು ಯಾರೂ ಕೆಲಸ ಕೊಟ್ಟಿರಲಿಲ್ಲ. ಪೂವಯ್ಯನವರು ತಡಮಾಡದೆ ಒಂದು ಬುಟ್ಟಿ ಹಣ್ಣು ತರಿಸಿ ಸುರಿದರು. ಐವರೂ ಸುತ್ತ ನಿಂತು, ಕಣ್ಣು ಮಿಟುಕಿಸುವಷ್ಟರಲ್ಲಿ ಜಳ್ಳನ್ನೆಲ್ಲ ಬೇರೆ ಮಾಡಿದರು. ಹಣ್ಣು ಕೊಯ್ಯುವ ಸಮಯ, ಆಳು ಸಿಗುತ್ತಿಲ್ಲ. ಸೋಮವಾರದಿಂದ ಐವರೂ ಬರಲಿ, ಎಲ್ಲರಿಗೆ ಕೊಡುವ ಕೂಲಿಯೇ ಕೊಡುತ್ತೇನೆ ಎಂದರು ಪೂವಯ್ಯ. ಮೇಷ್ಟ್ರಿಗೆ ಕಣ್ಣು ತುಂಬಿಬಂತು. ಗೆದ್ದೆ ಅಂದುಕೊಂಡರು ಪಾಪ.

ಮೇಡಂ ಶರಬತ್ತು ಕುಡಿದು ವರದಿ ಬರೆದರು: ಬೋಧನೆ ಅತ್ಯುತ್ತಮ. ಕಲಿಯುವವರೆಲ್ಲರೂ ಉದ್ಯೋಗ ಪಡೆದಿರುವುದರಿಂದ ಮುಂದಿನ ವರ್ಷ ಈ ತರಗತಿಯ ಅಗತ್ಯವಿಲ್ಲ.

ಮೇಷ್ಟ್ರು ತೊಟ್ಟಿಯ ಅಂಚಿನಲ್ಲಿ ಕುಸಿದು ಕೂತರು. ಬೆಳ್ಳಿಯಪ್ಪ ಒದ್ದೆ ಕೈಯನ್ನು ಅವರ ಹೆಗಲ ಮೇಲಿಟ್ಟ.

"ಸೋಮವಾರ ನೀವೂ ಬನ್ನಿ ಮೇಷ್ಟ್ರೇ, ಪೂವಯ್ಯನವರಿಗೆ ನಾನು ಹೇಳ್ತೇನೆ. ಮೊದಲಿಗೆ ನಿಮಗೆ ಗೊತ್ತಾಗ್ಲಿಕ್ಕಿಲ್ಲ. ಪರವಾಗಿಲ್ಲ, ನಾನು ನಿಧಾನಕ್ಕೆ ಹೇಳಿಕೊಡ್ತೇನೆ."